ಮರಿ ಕಾಯುವ ಮೀನಿಗೆ ಗಾಳ

ಆ ವರ್ಷ ದೀಪಾವಳಿ ಕಳೆದ ಮೇಲೂ ಮಳೆ ಬಿಟ್ಟಿರಲಿಲ್ಲ. ನೊಯ್ಯಲ್ ನೀರು ಕಾಲುವೆಗಿಳಿದು ಕೊಯಮತ್ತೂರಿನ ಕೆರೆಗಳು ಒಂದರ ಹಿಂದೊಂದು ಕೋಡಿ ಬಿದ್ದಿದ್ದವು. ಅಂಥ ಒಂದು ಕೆರೆಯಲ್ಲಿ ವಿರಾಲು ಹಿಡಿಯುವ ಪಂದ್ಯ. ಮೈಸೂರು ಕಡೆ ಕೊರವ ಅಂತೀರಲ್ಲ, ಹಾವಿನ ತಲೆಯದು, ಅದೇ. ಜೋಡಿಯಾಗಿ ಹೆಸರು ಕೊಡಬೇಕು. ನಾನು, ನನ್ನ ಜೊತೆ ಅಕ್ಕನ ಮಗ.

ಇವನು ಕೊಯಮತ್ತೂರಿನ ಪಕ್ಕದ ಮದುಕ್ಕರೈನಲ್ಲೇ ಹುಟ್ಟಿ ಬೆಳೆದವನು, ಗಾಳದ ಹುಚ್ಚು ಮಾತ್ರ ನನ್ನದು. ನಮ್ಮೂರಿಂದ ಪಡುವಣಕ್ಕೆ, ವಾಳಯಾರ್ ದಾರಿಯಲ್ಲಿ, ನೀರಿಗೇನೂ ಬರವಿಲ್ಲ. ಆದರೆ ಆ ಕಡೆ ಬೆಳಕು ಹರಿಯದೆ ಹೋಗುವ ಹಾಗಿಲ್ಲ, ಆನೆ. ರೈಲಿಗೆ ಸಿಕ್ಕಿ ಸತ್ತ ಆನೆಗಳ ಸುದ್ದಿ ಕೇಳಿ ಕೇಳಿ ಸಾಕಾಗಿ, ಕೊನೆಗೆ 2024ರಲ್ಲಿ ಅರಣ್ಯ ಇಲಾಖೆಯವರು ಹಳಿಯ ಉದ್ದಕ್ಕೂ ಗೋಪುರ ನಿಲ್ಲಿಸಿ, ಆನೆ ಕಂಡ ಕೂಡಲೇ ಸುದ್ದಿ ಮುಟ್ಟಿಸುವ ಕ್ಯಾಮೆರಾ ಕೂರಿಸಿದರು. ಹಾಗಾಗಿ ಬೆಳಗಿನ ಜಾವದ ಮೀನು ಬೇಕೆಂದರೆ ನಾವು ಮೂಡಣದ ಕೆರೆಗಳಿಗೇ ಹೋಗಬೇಕು.

ಪಂದ್ಯದ ಕೆರೆಗೆ ಒಬ್ಬ ಗುತ್ತಿಗೆದಾರ. ಕಟ್ಲ, ರೋಹು, ಮೃಗಾಲ್ ಮರಿ ಬಿಟ್ಟು ಬೆಳೆಸುವವನು. ಅವನಿಗೆ ಪಂದ್ಯದವರು ದುಡ್ಡು ಕಟ್ಟಿ ಅಪ್ಪಣೆ ತಂದಿದ್ದರು. ಒಂದು ಷರತ್ತು ಕೇಳಿ ಅವನು ನಕ್ಕೇಬಿಟ್ಟನಂತೆ: ಹಿಡಿದ ಮೀನನ್ನು ಅಳೆದು, ಫೋಟೋ ತೆಗೆದು, ವಾಪಸು ನೀರಿಗೇ ಬಿಡಬೇಕು.

"ಸಾರ್, ಅದು ನನ್ನ ಮರಿ ತಿನ್ನೋ ಮೀನು. ಉಕ್ಕಡಂ ಮಾರ್ಕೆಟ್ಟಲ್ಲಿ ಜೀವ ಇರೋ ವಿರಾಲಿಗೆ ಕಟ್ಲದ ಎರಡರಷ್ಟು ಬೆಲೆ ಬರುತ್ತೆ. ಅದನ್ನ ಹಿಡಿದು ಬಿಡ್ತೀರಾ? ದುಡ್ಡೂ ಕೊಟ್ಟು?"

ತಮಿಳಿನಲ್ಲಿ ಕೇಳಿದ ಈ ಪ್ರಶ್ನೆಗೆ ಯಾರೂ ನೆಟ್ಟಗೆ ಉತ್ತರ ಕೊಡಲಿಲ್ಲ. ಕೊಡುವುದೂ ಕಷ್ಟ.

ಹಿಡಿದು ಬಿಡುವುದನ್ನು ನಾನು ಕಲಿತದ್ದು ಕಾವೇರಿಯಲ್ಲಿ. ಚಿಕ್ಕವನಿದ್ದಾಗ ಹಲಗೂರು ಕಡೆಯ ನೆಂಟರ ಮನೆಗೆ ಹೋದರೆ ಭೀಮೇಶ್ವರಿಯವರೆಗೂ ಓಡುತ್ತಿದ್ದೆ. ಅಲ್ಲಿ ಬಿಳಿಮೀನಿಗೆ, ಅದೇ ಮಹಶೀರ್‌ಗೆ, ಗಾಳ ಹಾಕಲು ದೊರೆಗಳು ವಿಮಾನ ಹತ್ತಿ ಬರುತ್ತಿದ್ದರು. ಗಾಳಕ್ಕೆ ಸಿಕ್ಕಿಸುತ್ತಿದ್ದದ್ದು ನಮ್ಮ ರಾಗಿ! ಹಿಟ್ಟು ಕಲಸಿ, ಉಂಡೆ ಕಟ್ಟಿ, ಬೇಯಿಸಿ ಗಟ್ಟಿ ಮಾಡಿದ್ದು. ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ಎಂಬುವರು 1946ರಲ್ಲಿ 120 ಪೌಂಡಿನ ಮಹಶೀರ್ ಹಿಡಿದದ್ದು ಇವತ್ತಿಗೂ ಗಾಳದವರ ಬಾಯಲ್ಲಿದೆ. ನಾನು ಕಂಡದ್ದು ಅಷ್ಟು ದೊಡ್ಡದಲ್ಲ. ಆದರೂ ಒಬ್ಬ ದೊರೆ ಎದೆಮಟ್ಟ ನೀರಿನಲ್ಲಿ ನಿಂತು, ಮೀನಿನ ಬಾಯಿಯನ್ನು ಹರಿವಿಗೆ ಎದುರಾಗಿ ಹಿಡಿದು, ಅದಕ್ಕೆ ಉಸಿರು ಮರಳುವ ತನಕ ಕಾದು ಬಿಟ್ಟದ್ದನ್ನು ನೋಡಿದೆ. ದಡದಲ್ಲಿದ್ದ ನಮ್ಮವರು ತಲೆ ಚಚ್ಚಿಕೊಂಡರು. ಇಡೀ ಊರಿಗೆ ಸಾರಾಗುತ್ತಿತ್ತಲ್ಲ! ಅದು ಗೂನು ಬೆನ್ನಿನ ಮಹಶೀರ್. ಅದಕ್ಕೆ ವಿಜ್ಞಾನಿಗಳು ಸರಿಯಾದ ಹೆಸರು ಹಚ್ಚಿದ್ದು 2018ರಲ್ಲಿ, ಅಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದಿತ್ತು. ಅಲ್ಲಿನ ಅಭಯಾರಣ್ಯದೊಳಗೆ ಗಾಳ ಹಾಕುವುದೂ ನಿಂತುಹೋಗಿತ್ತು. ಇನ್ನು ನನ್ನಂಥವರಿಗೆ ಉಳಿದದ್ದು ಕೆರೆ, ವಿರಾಲು. ಮನೆಯಲ್ಲಿ ಬೈಗುಳಕ್ಕೆ ಕೊರತೆಯಿರಲಿಲ್ಲ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯಂಥವರೇ ಗಾಳ ಹಿಡಿದು ಕೂರುತ್ತಿದ್ದರು ಅಂತ ಹೇಳಿದ ಮೇಲೆ ಒಂದು ತೂಕ ಕಡಿಮೆಯಾಯಿತು ಅಷ್ಟೆ.

ಪಂದ್ಯಕ್ಕೆ ಬರೋಣ. ಬೆಳಗ್ಗೆ ಆರರಿಂದ ಹನ್ನೊಂದು. ಜೋಡಿಗೆ ಮೂರು ಮೀನು, ಮೂರರ ಉದ್ದ ಕೂಡಿಸಿ ಲೆಕ್ಕ. ಸತ್ತ ಮೀನು ಲೆಕ್ಕಕ್ಕಿಲ್ಲ. ಜಾಗಕ್ಕೆ ಚೀಟಿ. ಒಂಬತ್ತರ ಮೇಲೆ ಯಾರು ಎಲ್ಲಿ ಬೇಕಾದರೂ ಹೋಗಬಹುದು. ಚೀಟಿಯಲ್ಲಿ ನಮಗೆ ಬಂದದ್ದು ಪಶ್ಚಿಮದ ದಂಡೆ. ಅಳಿಯ ಮುಖ ಸಣ್ಣದು ಮಾಡಿದ, ಅಲ್ಲೆಲ್ಲ ಬರೀ ಅಂತರಗಂಗೆ. ನನಗೆ ಒಳಗೊಳಗೇ ಖುಷಿ. ಆಷಾಢದಲ್ಲಾಗಿದ್ದರೆ ಪಾಲಕ್ಕಾಡಿನ ಕಣಿವೆಯಿಂದ ನುಗ್ಗುವ ಗಾಳಿ ಕಳೆಯನ್ನೆಲ್ಲ ಮೂಡಣ ದಂಡೆಗೆ ತಳ್ಳಿರುತ್ತಿತ್ತು. ಕಾರ್ತಿಕದಲ್ಲಿ ಗಾಳಿ ತಿರುಗುತ್ತದೆ, ಕಳೆಯೂ ತಿರುಗುತ್ತದೆ. ಕಳೆಯ ಚಾಪೆ ಎಲ್ಲಿ ಹೋಯಿತೋ ಕಪ್ಪೆ ಅಲ್ಲಿ, ಕಪ್ಪೆಯ ಹಿಂದೆ ವಿರಾಲು. ರಾಡು ಯಾವ ಕಂಪನಿಯದು ಅಂತ ಕೇಳುವ ಹುಡುಗರು ಗಾಳಿ ಯಾವ ಕಡೆಯದು ಅಂತ ಯಾಕೋ ಕೇಳುವುದೇ ಇಲ್ಲ.

ನಮ್ಮ ಗಾಳ ರಬ್ಬರ್ ಕಪ್ಪೆ. ಒಳಗೆ ಟೊಳ್ಳು, ಬೆನ್ನಿಗೆ ಒತ್ತಿಕೊಂಡ ಎರಡು ಕೊಕ್ಕೆ, ಹಿಂದೆ ರಬ್ಬರ್ ಎಳೆಗಳ ಕಾಲು. ಕಳೆಯ ಮೇಲೆ ಎಷ್ಟು ಎಳೆದರೂ ಸಿಕ್ಕಿಕೊಳ್ಳುವುದಿಲ್ಲ. ಮೀನು ಅಗಿದಾಗ ಮಾತ್ರ ಹೊಟ್ಟೆ ಒಳಗೆ ಹೋಗಿ ಕೊಕ್ಕೆ ಹೊರಗೆ ಬರುತ್ತದೆ. ಇದು ಅಮೆರಿಕದಲ್ಲಿ ಬಾಸ್ ಮೀನಿಗೆಂದು ಹುಟ್ಟಿದ ಆಟಿಕೆ, ನಮ್ಮ ವಿರಾಲಿಗೂ ಹಿಡಿಸಿಬಿಟ್ಟಿತು. ಎರಡೂ ಹೊಂಚುಕೋರ ಮೀನುಗಳೇ. ನಾಲ್ಕಾರು ಸಲ ಎಸೆದ ಮೇಲೆ ಕಪ್ಪೆಯ ಹೊಟ್ಟೆಗೆ ನೀರು ಸೇರುತ್ತದೆ, ಹಿಂಡಿ ತೆಗೆಯಬೇಕು, ಇಲ್ಲದಿದ್ದರೆ ಅದು ಮುಳುಗುತ್ತ ಈಜುತ್ತದೆ. ದಾರ ಹೆಣೆದದ್ದೇ ಆಗಬೇಕು, ಐವತ್ತು ಪೌಂಡು ತಡೆಯುವಂಥದ್ದು. ಯಾಕೆಂದರೆ ನೀವು ಎಳೆಯುವುದು ಮೀನನ್ನಲ್ಲ, ಮೀನು ಸುತ್ತಿಕೊಂಡ ಬುಟ್ಟಿಗಟ್ಟಲೆ ಕಳೆಯನ್ನು.

ಎಲ್ಲಕ್ಕಿಂತ ಕಷ್ಟದ್ದು ಸುಮ್ಮನಿರುವುದು. ವಿರಾಲು ಹೊಡೆದಾಗ ನೀರು ಒಡೆದ ಸದ್ದಿಗೆ ಎದೆ ಧಸಕ್ಕೆನ್ನುತ್ತದೆ, ಕೈ ತಾನಾಗಿ ರಾಡನ್ನು ಮೇಲೆತ್ತುತ್ತದೆ. ಎತ್ತಿದಿರೋ, ಬಾಯಿ ಮುಚ್ಚುವ ಮೊದಲೇ ಕಪ್ಪೆ ಹಾರಿ ನಿಮ್ಮ ಮುಖಕ್ಕೇ ಬರುತ್ತದೆ. ರಾಡಿನ ತುದಿ ಇಳಿಸಿ, ದಾರ ಸಡಿಲ ಬಿಟ್ಟು, ಮನಸ್ಸಿನಲ್ಲೇ ಒಂದು, ಎರಡು ಎಣಿಸಿ, ಆಮೇಲೆ ಸೊಂಟ ತಿರುಗಿಸಿ ಎಳೆಯಬೇಕು. ಇನ್ನೊಂದು ಗುಟ್ಟಿದೆ. ವಿರಾಲಿಗೆ ಕಿವಿರು ಸಾಲದು, ಆಗಾಗ ಮೇಲೆ ಬಂದು ಗಾಳಿ ಕುಡಿಯಲೇಬೇಕು. ಕಳೆಯ ನಡುವೆ 'ಗುಳುಕ್' ಅಂದು ಒಂದು ಗುಳ್ಳೆ ಒಡೆದರೆ, ಗುಳ್ಳೆಯ ಮೇಲೆಯೇ ಎಸೆಯಬೇಡಿ. ಅದು ಯಾವ ಕಡೆ ತಿರುಗಿತು ನೋಡಿ, ಎರಡು ಮಾರು ಮುಂದೆ ಎಸೆದು ಕಪ್ಪೆಯನ್ನು ನಿಧಾನಕ್ಕೆ ದಾರಿಗೆ ತನ್ನಿ.

ಎಂಟರ ಹೊತ್ತಿಗೆ ನಮಗೆ ಎರಡು ಮೀನು ಬಂದಿದ್ದವು, 54 ಸೆಂಟಿಮೀಟರಿನದೊಂದು, 58ರದೊಂದು. ಪಕ್ಕದ ಜೋಡಿಯೊಂದು ಒಳ್ಳೆಯ ಮೀನನ್ನು ಬಲೆಚೀಲದಲ್ಲಿ ಹಾಕಿ ಚೀಲವನ್ನು ಪೂರ್ತಿ ನೀರಿನಡಿ ಇಳಿಬಿಟ್ಟಿತ್ತು. ಕಟ್ಲಕ್ಕಾದರೆ ಸರಿ. ವಿರಾಲು ಮೇಲೆ ಬರಲಾಗದೆ ಉಸಿರು ಕಟ್ಟಿ ಸತ್ತುಹೋಯಿತು. ಮೀನು ನೀರಿನಲ್ಲಿ ಮುಳುಗಿ ಸತ್ತಿತು ಅಂತ ಅವರು ತೀರ್ಪುಗಾರರಿಗೆ ವಿವರಿಸುವಾಗ ಗುತ್ತಿಗೆದಾರ ಏರಿಯ ಮೇಲೆ ಕೂತು ಬೀಡಿ ಸೇದುತ್ತ ಕಿಸಕ್ಕೆಂದ. ಸತ್ತದ್ದನ್ನು ಅವನೇ ಮನೆಗೆ ಒಯ್ದ.

ಹತ್ತು ಗಂಟೆ. ಮುಂದಿದ್ದ ಜೋಡಿಗೆ ಮೂರೂ ಮೀನು ಆಗಿದ್ದವು. ನಮಗೆ ಒಂದು ಬೇಕು, 60 ದಾಟಿದ್ದು. ಆಗ ಅಳಿಯ ನನ್ನ ತೋಳು ಹಿಡಿದ.

"ಮಾವ, ಅಲ್ಲಿ ನೋಡಿ."

ಕಳೆಯ ನಡುವೆ ಒಂದು ತೆರಪು. ಅದರಲ್ಲಿ ನೀರು ಸಣ್ಣಗೆ ಕುದಿಯುತ್ತಿತ್ತು. ಬೆರಳಿನ ಒಂದು ಗೆಣ್ಣಿನಷ್ಟಿದ್ದ ಕೆಂಪು ಮರಿಗಳು, ನೂರಾರು, ಒಟ್ಟಾಗಿ ಮೇಲೆ ಬಂದು ಗಾಳಿ ಕುಡಿದು ಒಟ್ಟಾಗಿ ಇಳಿಯುತ್ತಿದ್ದವು. ಬಿಸಿಲು ಬಿದ್ದ ಕಡೆ ಆ ಕೆಂಪು ಹೊಳೆಯುತ್ತಿತ್ತು. ಅದರ ಕೆಳಗೆ, ಕೆಸರಿನ ಬಣ್ಣದ್ದೊಂದು ಉದ್ದನೆಯ ನೆರಳು. ಒಂದು ಜಿಲೇಬಿ ಮೀನು ಮರಿಗಳ ಅಂಚಿಗೆ ಬಂದದ್ದೇ ತಡ, ನೆರಳು ನುಗ್ಗಿತು. ಜಿಲೇಬಿ ನೀರಿನಿಂದ ಹಾರಿ ಕಳೆಯ ಮೇಲೆ ಬಿದ್ದು ಒದ್ದಾಡಿತು.

"ಎಪ್ಪತ್ತು ಇರುತ್ತೆ ಮಾವ. ಒಂದೇ ಎಸೆತ."

ಇರುತ್ತಿತ್ತು. ಒಂದೇ ಎಸೆತವೂ ಸಾಕಾಗುತ್ತಿತ್ತು. ಮರಿ ಕಾಯುವ ವಿರಾಲು ಹಸಿವಿಗೆ ಹೊಡೆಯುವುದಿಲ್ಲ, ಸಿಟ್ಟಿಗೆ ಹೊಡೆಯುತ್ತದೆ. ಮರಿಗಳ ಮೇಲೆ ಏನು ಬಿದ್ದರೂ ಬಾಯಿ ಹಾಕುತ್ತದೆ. ಅದನ್ನು ಹಿಡಿಯಲು ಗಾಳಿ ಓದಬೇಕಿಲ್ಲ, ಗುಳ್ಳೆ ಕಾಯಬೇಕಿಲ್ಲ.

"ಬೇಡ," ಅಂದೆ.

"ರೂಲ್ಸಲ್ಲಿ ಇಲ್ಲ ಮಾವ. ಅಳೆದು ಬಿಟ್ಟೇ ಬಿಡ್ತೀವಲ್ಲ?"

"ಬಿಡೋದು ಎಲ್ಲಿ? ತೂಬಿನ ಹತ್ತಿರ ಮೇಜು, ಅಲ್ಲಿ ಬಿಡ್ತಾರೆ. ಅದು ಕೆರೆ ಸುತ್ತಿ ಇಲ್ಲಿಗೆ ಬರೋಷ್ಟರಲ್ಲಿ ಇಲ್ಲಿ ಏನು ಉಳಿದಿರುತ್ತೆ?"

ಅವನು ಮಾತಾಡಲಿಲ್ಲ, ರೀಲಿನ ಹಿಡಿ ತಿರುಗಿಸಿ ತಿರುಗಿಸಿ ಕಟಕಟ ಅನ್ನಿಸಿದ. ಅವನ ವಾದವೂ ಸುಳ್ಳಲ್ಲ. ಬಾಸ್ ಪಂದ್ಯಗಳನ್ನು ದೊಡ್ಡ ಉದ್ಯಮ ಮಾಡಿದ ರೇ ಸ್ಕಾಟ್ 1967ರಲ್ಲಿ ಅರ್ಕಾನ್ಸಾದ ಬೀವರ್ ಸರೋವರದಲ್ಲಿ ಮೊದಲ ಪಂದ್ಯ ಇಟ್ಟವನು. ಹಿಡಿದದ್ದನ್ನು ಕೊಲ್ಲಬೇಡಿ ಅಂತ 1972ರಲ್ಲಿ ಸಾರಿದವನೂ ಅವನೇ. ಅಂಥವರ ನಾಡಿನಲ್ಲೂ ಗೂಡು ಕಾಯುವ ಗಂಡು ಬಾಸನ್ನು ಕಣ್ಣಾರೆ ನೋಡಿ ಹಿಡಿದು ಬಹುಮಾನ ಗೆದ್ದವರಿದ್ದಾರೆ. ಅದು ಸರಿಯೇ ತಪ್ಪೇ ಅಂತ ಅಲ್ಲಿ ಇನ್ನೂ ಜಗಳ ಹರಿದಿಲ್ಲ. ಗಂಡು ಆಚೆ ಹೋದ ಕೂಡಲೇ ಸಣ್ಣ ಮೀನುಗಳು ಗೂಡಿಗೆ ನುಗ್ಗುವುದು ಅಲ್ಲೂ ಹೀಗೆಯೇ. ಅಮೆರಿಕದವರು ಮಾಡುತ್ತಾರೆ ಅನ್ನುವುದು ನನ್ನ ಮಟ್ಟಿಗೆ ವಾದವೇ ಅಲ್ಲ, ಆದರೆ ಹುಡುಗರಿಗೆ ಅದೇ ವೇದ.

ನಾವು ಅಲ್ಲಿಂದ ನಲವತ್ತು ಹೆಜ್ಜೆ ಸರಿದಿದ್ದೆವು. ಇನ್ನೊಂದು ಜೋಡಿ ನಮ್ಮ ಹಿಂದೆಯೇ ಆ ತೆರಪಿಗೆ ಬಂತು. ಮರಿ ಕಂಡಿತು, ಎಸೆಯಿತು. ನೀರು ಒಡೆದ ಸದ್ದು ನಾವಿದ್ದಲ್ಲಿಗೂ ಕೇಳಿಸಿತು. 71 ಸೆಂಟಿಮೀಟರ್. ಕೂಗು, ಶಿಳ್ಳೆ, ಫೋಟೋ. ಮೀನನ್ನು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ತೂಬಿನ ಕಡೆ ಓಡಿದರು. ಪಂದ್ಯದ ಉಳಿದ ಭಾಗ ನಮಗೆ ಅಲ್ಲಿಗೇ ಮುಗಿದಂತೆ.

ಅಳಿಯ ನನ್ನ ಮೇಲೆ ಹರಿಹಾಯುತ್ತಾನೆ ಅಂದುಕೊಂಡಿದ್ದೆ. ಅವನು ತೆರಪಿನ ಹತ್ತಿರ ಹೋಗಿ ನಿಂತ. ನಾನೂ ಹೋದೆ. ಮರಿಗಳ ಗುಂಪು ಮೊದಲಿನಂತೆ ಏಳುತ್ತ ಇಳಿಯುತ್ತ ಇತ್ತು, ಅವಕ್ಕೇನು ಗೊತ್ತು. ಜಿಲೇಬಿಗಳು ಬಂದಿದ್ದವು. ಮೊದಲು ಒಂದು, ಅಂಚಿನಲ್ಲಿ. ಯಾರೂ ಅಟ್ಟಲಿಲ್ಲ. ಆಮೇಲೆ ನಾಲ್ಕು, ಆಮೇಲೆ ಲೆಕ್ಕವಿಲ್ಲ. ಪ್ರತಿ ಸಲ ಗುಂಪು ಮೇಲೆದ್ದಾಗಲೂ ನೀರಿನ ಮೇಲೆ ಚಟಚಟ ಸದ್ದು, ಗುಂಪು ಒಂದು ಸುತ್ತು ಸಣ್ಣದು.

ಅಳಿಯ ಏನೂ ಹೇಳದೆ ಚೀಲ ಬಿಚ್ಚಿದ. ದೊಡ್ಡ ರಾಡು ಬದಿಗಿಟ್ಟು, ಸಣ್ಣ ಗಾಳ, ಬೆಂಡು, ಡಬ್ಬಿಯಲ್ಲಿ ಉಳಿದಿದ್ದ ಮೈದಾ ಹಿಟ್ಟು ತೆಗೆದ. ತೆರಪಿನ ಅಂಚಿಗೆ ಬಿಟ್ಟ. ಜಿಲೇಬಿ ಬಂತು. ಎತ್ತಿ ದಂಡೆಗೆ ಹಾಕಿದ. ಮತ್ತೆ ಬಿಟ್ಟ, ಮತ್ತೊಂದು. ಅದಕ್ಕೆ ಅಂಕವಿಲ್ಲ, ಅಳತೆಯಿಲ್ಲ. ನಾನು ಹಿಟ್ಟು ಉಂಡೆ ಮಾಡಿ ಕೊಡುತ್ತಾ ಹೋದೆ. ಮುಗಿಯಿತೆಂದು ಶಿಳ್ಳೆ ಊದಿದ ಮೇಲೂ ಅವನು ಏಳಲಿಲ್ಲ. ಅಷ್ಟರಲ್ಲಿ ಜೋಡಿಯ ಇನ್ನೊಂದು ವಿರಾಲು, ಇದು ಚಿಕ್ಕದು, ಎಲ್ಲಿಂದಲೋ ಬಂದು ಮರಿಗಳ ಕೆಳಗೆ ನಿಂತಿತು. ಬಂದದ್ದೇ ಮಾಡಿದ ಮೊದಲ ಕೆಲಸ, ಅಳಿಯನ ಬೆಂಡಿಗೆ ಹೊಡೆದು ದಾರ ಹರಿದದ್ದು.

"ನಂಗೇ ಹೊಡೀತು ನೋಡಿ ಮಾವ!" ಅಂತ ನಕ್ಕ.

ಬಹುಮಾನದ ಹೊತ್ತಿನಲ್ಲಿ ಮಾತು ಬಿಸಿಯಾಯಿತು. ಗೆದ್ದವರದು ಒಂದೇ ಮಾತು, ನಿಯಮದಲ್ಲಿ ಇಲ್ಲದ್ದನ್ನು ನಾವೇಕೆ ಪಾಲಿಸಬೇಕು? ನಿಜ, ಬಹುಮಾನ ಅವರಿಗೇ ಸಲ್ಲಬೇಕು, ಸಂದಿತು. ಹಾಗಾದರೆ ನಿಯಮ ಬರೆಯಿರಿ ಅಂದೆ. ಮರಿಗಳ ಜೊತೆ ಇರುವ ಮೀನನ್ನು ಹಿಡಿದರೆ ಲೆಕ್ಕಕ್ಕಿಲ್ಲ. ಯಾವ ಮೀನನ್ನೇ ಆಗಲಿ, ಅಳತೆ ಹಲಗೆಯನ್ನು ಹಿಡಿದ ಜಾಗಕ್ಕೇ ತಂದು ಅಳೆದು ಅಲ್ಲೇ ಬಿಡಬೇಕು. ಕೈ ಎತ್ತಿಸಿದರು. ಅಳಿಯ ಎರಡೂ ಕೈ ಎತ್ತಿದ, ಒಂದನ್ನು ಇಳಿಸಿದರು. ಗೆದ್ದವರಲ್ಲಿ ಒಬ್ಬನೂ ಎತ್ತಿದ. ಮುಂದಿನ ವರ್ಷದ ಕಾಗದದಲ್ಲಿ ಅದು ಸೇರಿತು.

ಒಪ್ಪದವನು ಗುತ್ತಿಗೆದಾರ ಒಬ್ಬನೇ. ಮುಂದಿನ ವರ್ಷ ಅಪ್ಪಣೆ ಕೇಳಲು ಹೋದಾಗ ಕಾಗದ ಓದಿಸಿಕೊಂಡು ಕೇಳಿದ: "ಅಂದ್ರೆ ಈಗ ವಿರಾಲಿನ ಮರಿಗಳನ್ನೂ ನಾನೇ ಸಾಕಬೇಕು. ಅವು ದೊಡ್ಡದಾಗಿ ನನ್ನ ಕಟ್ಲ ಮರಿ ತಿಂತವೆ. ಆ ನಷ್ಟಕ್ಕೆ ಯಾರು ಹೊಣೆ?" ಕೊನೆಗೆ ಜೋಡಿಗೆ ನೂರು ರೂಪಾಯಿ ಜಾಸ್ತಿ ಅಂತ ತೀರ್ಮಾನವಾಯಿತು. ಅಳಿಯ ನನ್ನ ಪಾಲನ್ನೂ ತಾನೇ ಕಟ್ಟಿದ.