ಎರವಿನ ಆಟ, ಸ್ವಂತದ ಆಟ

ಮನೆಗೆ ಬರುವ ವಸ್ತುಗಳಲ್ಲಿ ಕೆಲವು ಅತಿಥಿಗಳಂತೆ ಬಂದು ಹೋಗುತ್ತವೆ. ಕೆಲವು ಬಂಧುಗಳಂತೆ ಬಂದು ನೆಲೆಸಿಬಿಡುತ್ತವೆ. ನಮ್ಮ ಹಿರಿಯರಿಗೆ ಈ ಎರಡರ ಲೆಕ್ಕವೂ ಚೆನ್ನಾಗಿ ತಿಳಿದಿತ್ತು. ಮದುವೆಗೆ ಬೇಕಾದ ಹಂಡೆ, ಕೊಳಗ, ಜಮಖಾನೆಗಳನ್ನು ಯಾರೂ ಕೊಂಡು ಅಟ್ಟ ತುಂಬಿಸುತ್ತಿರಲಿಲ್ಲ. ಮಠದಿಂದಲೋ ಸಮಾಜದ ಭವನದಿಂದಲೋ ತಂದು, ಕಾರ್ಯ ಮುಗಿದ ಮೇಲೆ ಬೆಳಗಿ, ಎಣಿಸಿ ಹಿಂದಿರುಗಿಸುತ್ತಿದ್ದರು. ಸೈಕಲ್ಲನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುವುದು, ಕಾದಂಬರಿಯನ್ನು ವಾಚನಾಲಯದಿಂದ ತಂದು ಓದುವುದು ಯಾವ ಮನೆತನಕ್ಕೂ ಕುಂದೆನಿಸಿರಲಿಲ್ಲ. ಬೀಸುವ ಕಲ್ಲು, ಒನಕೆ, ಪೂಜೆಯ ಗಿಂಡಿ, ತಟ್ಟೆ ಇವು ಮಾತ್ರ ಸ್ವಂತದವೇ ಆಗಿರಬೇಕು. ಯಾವುದನ್ನು ಎರವು ತರಬೇಕು, ಯಾವುದನ್ನು ಕೊಳ್ಳಬೇಕು ಎಂಬ ಈ ವಿವೇಕ ಮಕ್ಕಳ ವಿಡಿಯೋ ಗೇಮಿಗೂ ಅನ್ವಯಿಸೀತೆ ಎಂದು ಯೋಚಿಸುವ ಪ್ರಸಂಗ ನಮ್ಮ ಮನೆಯಲ್ಲಿ ಎರಡು ಬಾರಿ ಒದಗಿತು. ಒಮ್ಮೆ ಮಗನ ಕಾಲದಲ್ಲಿ, ಮತ್ತೊಮ್ಮೆ ಮೊಮ್ಮಗನ ಕಾಲದಲ್ಲಿ.

ಮೊದಲನೆಯದು 1994ರ ಮಾತು. ಹುಬ್ಬಳ್ಳಿಯ ನಮ್ಮ ಓಣಿಗೆ, ಟಿ.ವಿ.ಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಯಂತ್ರ ಆಗತಾನೇ ಕಾಲಿಡುತ್ತಿತ್ತು. ಜಪಾನಿನ ನಿಂಟೆಂಡೊ ಸಂಸ್ಥೆ 1983ರಲ್ಲಿ ಹೊರತಂದಿದ್ದ ಯಂತ್ರದ ನಕಲುಗಳು ಅವು ಎಂಬುದು ನಮಗಾರಿಗೂ ಗೊತ್ತಿರಲಿಲ್ಲ. ಆಟವನ್ನು ಒಳಗೊಂಡ ಪ್ಲಾಸ್ಟಿಕ್ ಬಿಲ್ಲೆಗೆ ಎಲ್ಲರೂ ಕ್ಯಾಸೆಟ್ ಎನ್ನುತ್ತಿದ್ದರು. ಒಳಗೆ ಟೇಪು ಇರಲಿಲ್ಲ, ಚಿಪ್ ಮಾತ್ರ ಇತ್ತು. ಅದು ನಡೆಯದಿದ್ದರೆ ಹೊರತೆಗೆದು, ಬಾಯಿಂದ ಊದಿ, ಮತ್ತೆ ಸಿಕ್ಕಿಸುವುದು ಹುಡುಗರ ವಿದ್ಯೆ. ಆಟ ಮರಳಿ ಹತ್ತುತ್ತಿದ್ದುದು ಊದಿದ್ದರಿಂದಲ್ಲ, ತೆಗೆದು ಹಾಕಿದ್ದರಿಂದ. ಆದರೆ ಆ ವಯಸ್ಸಿನ ಮಂತ್ರವಾದಿಗಳಿಗೆ ಅದನ್ನು ಹೇಳುವವರಾರು?

ಪೇಟೆಯ ವಿಡಿಯೋ ಲೈಬ್ರರಿಯೊಂದರಲ್ಲಿ ಸಿನಿಮಾ ಕ್ಯಾಸೆಟ್ಟುಗಳ ಮಗ್ಗುಲಲ್ಲೇ ಈ ಆಟಗಳೂ ಬಾಡಿಗೆಗೆ ದೊರೆಯುತ್ತಿದ್ದವು. ದಿನಕ್ಕೆ 10 ರೂಪಾಯಿ, ಠೇವಣಿ 100 ರೂಪಾಯಿ. ಕೊಳ್ಳುವುದಾದರೆ ಒಂದು ಕ್ಯಾಸೆಟ್ಟಿಗೆ ಸುಮಾರು 200 ರೂಪಾಯಿ ಆಗುತ್ತಿತ್ತು. ಮನೆಯ ಖರ್ಚಿನ ಪುಸ್ತಕ ಬರೆಯುತ್ತಿದ್ದ ನನ್ನ ಶ್ರೀಮತಿ ಒಂದೇ ಮಾತಿನಲ್ಲಿ ಲೆಕ್ಕ ಮುಗಿಸಿದಳು: "ಇಪ್ಪತ್ತು ದಿನದ ಬಾಡಿಗಿಗೆ ಕ್ಯಾಸೆಟ್ಟ ನಮ್ಮದ ಆಗತದ." ನನ್ನ ವಾದ ಬೇರೆಯಾಗಿತ್ತು. ಹುಡುಗ ಒಂದೇ ಆಟವನ್ನು ಇಪ್ಪತ್ತು ದಿನ ಆಡುವುದಿಲ್ಲ. ಎರಡು ದಿನಕ್ಕೇ ಬೇಸರಪಟ್ಟು ಇನ್ನೊಂದನ್ನು ಕೇಳುತ್ತಾನೆ. ಆದುದರಿಂದ ಬಾಡಿಗೆಯೇ ಲೇಸು ಎಂದೆ. ಇಬ್ಬರ ಗಣಿತವೂ ಸರಿಯಾಗಿಯೇ ಇತ್ತು. ಕೆಲವು ತಿಂಗಳು ಬಾಡಿಗೆಗೆ ತಂದೆವು, ಆಮೇಲೆ ಎರಡು ಕ್ಯಾಸೆಟ್ಟುಗಳನ್ನು ಕೊಂಡೆವು. ಹೀಗಾಗಿ ಎರಡರ ಸ್ವಭಾವವನ್ನೂ ಹತ್ತಿರದಿಂದ ಕಾಣುವ ಅವಕಾಶ ದೊರೆಯಿತು.

ಬಾಡಿಗೆಯ ವಸ್ತು ಮಕ್ಕಳಿಗೆ ಮಿತಿಯನ್ನು ಕಲಿಸುತ್ತದೆಂದು ಅನೇಕರು ಹೇಳುವುದುಂಟು. ನಾನು ಕಂಡದ್ದು ಹಾಗಿರಲಿಲ್ಲ. ಬಾಡಿಗೆಯ ಕ್ಯಾಸೆಟ್ ಮನೆ ಹೊಕ್ಕ ಗಳಿಗೆಯಿಂದ ಹುಡುಗನ ಕಣ್ಣು ಗಡಿಯಾರದ ಮೇಲೆ. ಮರುದಿನ ಬೆಳಿಗ್ಗೆ 10 ಗಂಟೆಯೊಳಗೆ ಹಿಂದಿರುಗಿಸಬೇಕು. ಆ ಆಟದಲ್ಲಿ ಎಂಟು ಲೋಕಗಳು, ಲೋಕವೊಂದಕ್ಕೆ ನಾಲ್ಕು ಹಂತಗಳು, ಒಟ್ಟು 32. ಆಡಿದಷ್ಟನ್ನು ಉಳಿಸಿಟ್ಟು ನಾಳೆ ಮುಂದುವರಿಸುವ ಏರ್ಪಾಡು ಅದರಲ್ಲಿರಲಿಲ್ಲ. ಏಳನೆಯ ಲೋಕವನ್ನು ಮುಟ್ಟಿದಾಗ ವಿದ್ಯುತ್ತು ಹೋಯಿತೆಂದರೆ ಮತ್ತೆ ಮೊದಲಿನಿಂದ ಆರಂಭ. ಆ ವರ್ಷಗಳಲ್ಲಿ ವಿದ್ಯುತ್ತು ಹೋಗದ ಸಂಜೆ ಯಾವುದಿತ್ತು? ಕತ್ತಲೆಯಲ್ಲಿ ಕುಳಿತ ಗಂಟೆಗೂ ಬಾಡಿಗೆ ಓಡುತ್ತಲೇ ಇತ್ತು. ಊಟಕ್ಕೆ ಕರೆದರೆ ಏಳಲಾರ, ಸಂಜೆಯ ಪ್ರಾರ್ಥನೆಗೆ ಬಂದರೂ ಮನಸ್ಸು ಯಂತ್ರದ ಬಳಿಯೇ. "ಅಪ್ಪಾ, ಇನ್ನೊಂದ ದಿನ ಇಟ್ಕೊಳ್ಳೂಣರಿ" ಎಂಬ ಬೇಡಿಕೆ ಪ್ರತಿ ಬಾರಿಯೂ ಇದ್ದದ್ದೇ. ಪಕ್ಕದ ಕೋಣೆಯಲ್ಲಿ ಲಿಂಗಪೂಜೆಗೆ ಕುಳಿತಿರುತ್ತಿದ್ದ ನನ್ನ ತಾಯಿಯವರು ಆ ಗದ್ದಲದ ಬಗೆಗೆ ಒಂದು ದಿನವೂ ಬೇಸರಿಸಲಿಲ್ಲ. ಅವರ ಆಕ್ಷೇಪ ಬೇರೆಯೇ ಇತ್ತು. "ಮಂದಿ ವಸ್ತು ರಾತ್ರಿ ಮನ್ಯಾಗ ಇದ್ದರ ನನಗ ನಿದ್ದಿ ಹತ್ತೂದಿಲ್ಲ, ಲಗೂನ ಕೊಟ್ಟ ಬಾ" ಎಂದು ಬೆಳಗಾಗುತ್ತಲೇ ಮೊಮ್ಮಗನನ್ನು ಅಟ್ಟುತ್ತಿದ್ದರು.

ಕೊಂಡ ಕ್ಯಾಸೆಟ್ಟಿನ ಕಥೆ ತದ್ವಿರುದ್ಧ. ಮೊದಲ ವಾರ ಪ್ರೀತಿ, ಎರಡನೆಯ ವಾರ ಸದರ, ಮೂರನೆಯ ವಾರ ಅದು ಟಿ.ವಿ. ಮೇಜಿನ ಖಾನೆಯಲ್ಲಿ ಧೂಳು ತಿನ್ನುತ್ತಿತ್ತು. ಆಗ ಶ್ರೀಮತಿಯ ಲೆಕ್ಕ ಸೋತಿತೆಂದು ನನಗನ್ನಿಸಿದ್ದು ನಿಜ. ಆದರೆ ಅನಂತರ ಅದಕ್ಕೊಂದು ಹೊಸ ಬಾಳು ಮೊದಲಾಯಿತು. ಎದುರು ಮನೆಯ ಹುಡುಗ ಬಂದು ಅದನ್ನು ಕೇಳಿ ಒಯ್ದ. ಬದಲಿಗೆ ತನ್ನದೊಂದನ್ನು ಕೊಟ್ಟ. ಅವನಿಂದ ಅದು ಅವನ ಸೋದರಮಾವನ ಮನೆಗೆ, ಅಲ್ಲಿಂದ ಗದಗಕ್ಕೆ ಹೋಗಿ ಬಂದಿತು. ಓಣಿಯ ಏಳೆಂಟು ಮನೆಗಳ ಕ್ಯಾಸೆಟ್ಟುಗಳು ಹೀಗೆ ಸುತ್ತುತ್ತ, ಯಾರ ಮನೆಯಲ್ಲಿ ಯಾರದು ಇದೆಯೆಂಬ ಪಟ್ಟಿಯನ್ನು ಹುಡುಗರೇ ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದರು. ಒಂದು ಕ್ಯಾಸೆಟ್ ಹಿಂದಿರುಗಲೇ ಇಲ್ಲ. ಅದಕ್ಕಾಗಿ ಜಗಳವೂ ಆಯಿತು, ರಾಜಿಯೂ ಆಯಿತು. ದಾಸೋಹವೆಂಬ ದೊಡ್ಡ ಮಾತನ್ನು ಇಂಥ ಚಿಕ್ಕ ವ್ಯವಹಾರಕ್ಕೆ ಹಚ್ಚಲಾರೆ. ಆದರೂ ತನ್ನದನ್ನು ಇನ್ನೊಬ್ಬರ ಕೈಗಿಡುವ ಮೊದಲ ಪಾಠ ನನ್ನ ಮಗನಿಗೆ ಆದದ್ದು ಅಲ್ಲಿಯೇ. ಬಾಡಿಗೆಯ ಕ್ಯಾಸೆಟ್ಟಿನಿಂದ ಇದು ಸಾಧ್ಯವಿರಲಿಲ್ಲ. ಅಂಗಡಿಯ ಚೀಟಿಯಲ್ಲಿಯೇ ಬೇರೆಯವರಿಗೆ ಕೊಡತಕ್ಕದ್ದಲ್ಲವೆಂದು ಅಚ್ಚಾಗಿತ್ತು. ಎರವಿಗೂ ಸ್ವಂತಕ್ಕೂ ಇರುವ ನಿಜವಾದ ಅಂತರ ಬೆಲೆಯದಲ್ಲ, ಈ ಕೊಡುವ ಹಕ್ಕಿನದು ಎಂದು ನನಗೆ ಹೊಳೆದದ್ದು ಆಗ.

ನಾವು ಗಂಡಹೆಂಡಿರು ಅಡುಗೆಮನೆಯಲ್ಲಿ ಚರ್ಚಿಸಿದ ಈ ವಿಷಯವೇ ಅಮೆರಿಕದಲ್ಲಿ ನ್ಯಾಯಾಲಯವನ್ನೂ ಶಾಸನಸಭೆಯನ್ನೂ ಮುಟ್ಟಿತ್ತೆಂಬುದು ಬಹಳ ಕಾಲದ ಮೇಲೆ ತಿಳಿಯಿತು. ಅಲ್ಲಿ ಬ್ಲಾಕ್‌ಬಸ್ಟರ್ ಎಂಬ ದೊಡ್ಡ ಬಾಡಿಗೆ ಅಂಗಡಿಗಳ ಸಂಸ್ಥೆಯ ಮೇಲೆ ನಿಂಟೆಂಡೊ 1989ರಲ್ಲಿ ದಾವೆ ಹೂಡಿತು. ಕೊಂಡ ಕ್ಯಾಸೆಟ್ಟನ್ನು ಬಾಡಿಗೆಗೆ ಕೊಡುವುದನ್ನು ತಡೆಯಲು ಅಲ್ಲಿಯ ಕಾನೂನಿನಲ್ಲಿ ದಾರಿಯಿರಲಿಲ್ಲ. ಆದುದರಿಂದ ದಾವೆ ಹೂಡಿದ್ದು ಆಟದ ಬಗೆಗಲ್ಲ. ಆಟದೊಡನೆ ಬರುವ ಕೈಪಿಡಿಯನ್ನು ಅಂಗಡಿಯವರು ನಕಲು ತೆಗೆದು ಕೊಡುತ್ತಿದ್ದಾರೆಂಬ ಬಗೆಗೆ! ಮರುವರ್ಷ, 1990ರಲ್ಲಿ, ಕಂಪ್ಯೂಟರಿನ ಸಾಫ್ಟ್‌ವೇರನ್ನು ಒಡೆಯನ ಒಪ್ಪಿಗೆಯಿಲ್ಲದೆ ಬಾಡಿಗೆಗೆ ಕೊಡಬಾರದೆಂಬ ಶಾಸನ ಅಲ್ಲಿ ಬಂದಾಗಲೂ, ಆಟಕ್ಕೆಂದೇ ನಿರ್ಮಿಸಿದ ಯಂತ್ರಗಳ ಕ್ಯಾಸೆಟ್ಟುಗಳಿಗೆ ವಿನಾಯಿತಿ ಉಳಿಯಿತು. ಜಪಾನಿನಲ್ಲಿ ಮಾತ್ರ ಒಡೆಯನ ಅನುಮತಿಯಿಲ್ಲದೆ ಆಟವನ್ನು ಬಾಡಿಗೆಗೆ ಕೊಡುವಂತಿರಲಿಲ್ಲ. ನಮ್ಮ ದೇಶದಲ್ಲಿಯೂ 1994ರಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ತಿದ್ದುಪಡಿಯಾಗಿ, ಕಂಪ್ಯೂಟರ್ ಪ್ರೋಗ್ರಾಮನ್ನು ಬಾಡಿಗೆಗೆ ಕೊಡುವ ಹಕ್ಕು ಅದರ ಒಡೆಯನದು ಎಂದಾಯಿತು. ನಕಲು ಮಾಲೇ ತುಂಬಿದ್ದ ನಮ್ಮ ಪೇಟೆಗಳಿಗೆ ಆ ಸುದ್ದಿ ತಲುಪಿದಂತೆ ಕಾಣಲಿಲ್ಲ.

ತಯಾರಕರ ಅಳಲನ್ನು ಸುಳ್ಳೆನ್ನಲಾಗದು. ಒಂದು ಕ್ಯಾಸೆಟ್ ನೂರು ಮನೆಗಳನ್ನು ಸುತ್ತಿ ಅಂಗಡಿಯವನಿಗೆ ಸಾವಿರ ರೂಪಾಯಿ ತಂದರೆ, ಅದನ್ನು ರಚಿಸಿದವನಿಗೆ ಸಲ್ಲುವುದು ಒಂದೇ ಕ್ಯಾಸೆಟ್ಟಿನ ಬೆಲೆ. ಕಾಯಕದ ಫಲ ಕಾಯಕ ಮಾಡಿದವನಿಗೆ ಮುಟ್ಟಬೇಕೆಂಬುದು ಶರಣರ ಮನೆಯವರಾದ ನಮಗೆ ಹೊಸದಾಗಿ ಹೇಳಿಕೊಡಬೇಕಾದ ಮಾತಲ್ಲ. ಆದರೆ ಆ ಅಳಲಿಗೆ ಉದ್ಯಮ ಕಂಡುಕೊಂಡ ಪರಿಹಾರ ಎಂಥದು ಎಂಬುದನ್ನು ನೋಡಬೇಕಾದರೆ ಮೊಮ್ಮಗನ ಕಾಲಕ್ಕೆ ಬರಬೇಕು.

ಇಂದು ಬಾಡಿಗೆಯ ಅಂಗಡಿಗಳಿಲ್ಲ. ಆ ಬ್ಲಾಕ್‌ಬಸ್ಟರ್ ಸಂಸ್ಥೆಯೇ 2010ರಲ್ಲಿ ದಿವಾಳಿಯಾಯಿತು. ಅವುಗಳ ಸ್ಥಾನಕ್ಕೆ ತಿಂಗಳ ಚಂದಾ ಬಂದಿದೆ. ಮೈಕ್ರೋಸಾಫ್ಟ್ ಸಂಸ್ಥೆ 2017ರಲ್ಲಿ ಗೇಮ್ ಪಾಸ್ ಎಂಬ ಚಂದಾ ಯೋಜನೆಯನ್ನು ಆರಂಭಿಸಿತು; ಇತರರೂ ಆ ಹಾದಿ ಹಿಡಿದರು. ಚಂದಾ ಕೊಡುವವರೆಗೆ ನೂರಾರು ಆಟಗಳು ತೆರೆದಿರುತ್ತವೆ, ನಿಲ್ಲಿಸಿದ ದಿನ ಎಲ್ಲವೂ ಮುಚ್ಚುತ್ತವೆ. ಇದು ನೇರವಾದ ಬಾಡಿಗೆ. ಇದರ ಬಗೆಗೆ ನನಗೆ ದೂರಿಲ್ಲ. ದೂರಿರುವುದು ಕೊಳ್ಳುವುದೆಂಬ ಹೆಸರಿನಲ್ಲಿ ನಡೆಯುವ ವ್ಯಾಪಾರದ ಬಗೆಗೆ. ಇಂದು ಬಹುಪಾಲು ಆಟಗಳನ್ನು ಜನ ಇಂಟರ್‌ನೆಟ್ಟಿನ ಮೂಲಕವೇ ಪಡೆಯುತ್ತಾರೆ. ದೊಡ್ಡ ಆಟವೊಂದಕ್ಕೆ ನಾಲ್ಕೈದು ಸಾವಿರ ರೂಪಾಯಿ ತೆತ್ತರೂ ಕೈಗೆ ವಸ್ತುವೇನೂ ಬರುವುದಿಲ್ಲ. ಬರುವುದು ಆಡಲು ಪರವಾನಗಿ ಮಾತ್ರ. ಸ್ಟೀಮ್ ಎಂಬ ಪ್ರಸಿದ್ಧ ಮಳಿಗೆಯ ಕರಾರನ್ನು ಮೊಮ್ಮಗನಿಂದ ಓದಿಸಿ ಕೇಳಿದೆ. ಖಾತೆಯನ್ನು ಮಾರುವಂತಿಲ್ಲ, ಇನ್ನೊಬ್ಬರ ಹೆಸರಿಗೆ ವರ್ಗಾಯಿಸುವಂತಿಲ್ಲ. ಒಂದೇ ಮನೆಯ ಆರು ಮಂದಿ ಹಂಚಿಕೊಳ್ಳುವ ಏರ್ಪಾಡು ಉಂಟು. ಎದುರು ಮನೆಗೆ ಹಾದಿಯಿಲ್ಲ.

ಯೂಬಿಸಾಫ್ಟ್ ಎಂಬ ಫ್ರೆಂಚ್ ಸಂಸ್ಥೆ 2014ರಲ್ಲಿ ದಿ ಕ್ರ್ಯೂ ಎಂಬ ಕಾರು ಓಟದ ಆಟವನ್ನು ಮಾರಿತು. ಒಬ್ಬನೇ ಕುಳಿತು ಆಡುವುದಕ್ಕೂ ಸಂಸ್ಥೆಯ ಸರ್ವರಿನ ಸಂಪರ್ಕ ಬೇಕಾಗಿತ್ತು. 2024ರ ಮಾರ್ಚ್ 31ರಂದು ಆ ಸರ್ವರುಗಳನ್ನು ನಿಲ್ಲಿಸಿದರು. ಡಿಸ್ಕನ್ನೇ ಕೊಂಡು ಕಪಾಟಿನಲ್ಲಿ ಇಟ್ಟುಕೊಂಡಿದ್ದವರಿಗೂ ಆಟ ಇಲ್ಲವಾಯಿತು. ಅದೇ ವರ್ಷ ಕ್ಯಾಲಿಫೋರ್ನಿಯಾ ರಾಜ್ಯ ಒಂದು ಕಾನೂನು ಮಾಡಿತು. ಇಂಥ ಸರಕನ್ನು ಕೊಳ್ಳಿರೆಂದು ಮಾರುವಾಗ, ದೊರೆಯುವುದು ಪರವಾನಗಿಯೇ ಹೊರತು ಒಡೆತನವಲ್ಲವೆಂದು ಗ್ರಾಹಕನಿಗೆ ಸ್ಪಷ್ಟವಾಗಿ ತಿಳಿಸಬೇಕು ಎಂಬುದು ಅದರ ತಿರುಳು. 2025ರ ಜನವರಿ 1ರಿಂದ ಅದು ಜಾರಿಗೆ ಬಂದಿತು. ಹಿಂದಿನ ಬಾಡಿಗೆಗೆ ಕೊನೆಯ ದಿನವೊಂದು ಚೀಟಿಯಲ್ಲಿ ಬರೆದಿರುತ್ತಿತ್ತು. ಈ ಹೊಸ ಕೊಳ್ಳುವಿಕೆ ಕೊನೆಯ ದಿನವನ್ನು ಬರೆಯದ ಬಾಡಿಗೆ.

ಬೆಂಗಳೂರಿನಲ್ಲಿರುವ ಮೊಮ್ಮಗ ಕಳೆದ ಬೇಸಗೆಯ ರಜೆಗೆ ಹುಬ್ಬಳ್ಳಿಗೆ ಬಂದಾಗ ಮತ್ತೆ ಅದೇ ಪ್ರಶ್ನೆ ಎದ್ದಿತು. "ಅಜ್ಜಾ, ಚಂದಾ ತಗೊಳ್ಳಲೋ, ಆಟಾನೇ ಕೊಂಡ್ಕೊಳ್ಳಲೋ?" ಎಂದು ಕೇಳಿದ. ಅವನ ಅಪ್ಪ, ಅಂದರೆ 1994ರ ಆ ಹುಡುಗ, ನಗುತ್ತ ನನ್ನ ಮುಖ ನೋಡಿದ. ನೋಡಿ ಬಿಡುವ ಆಟಗಳೆಷ್ಟು, ಮತ್ತೆ ಮತ್ತೆ ಆಡುವ ಆಟಗಳೆಷ್ಟು ಎಂದು ಮೊದಲು ಪಟ್ಟಿ ಮಾಡಲು ಹೇಳಿದೆ. ಹನ್ನೊಂದರಲ್ಲಿ ಒಂಬತ್ತು ನೋಡಿ ಬಿಡುವಂಥವೇ ಆಗಿದ್ದವು. ಅವಕ್ಕಾಗಿ ರಜೆಯ ಎರಡು ತಿಂಗಳ ಚಂದಾ ಸಾಕೆಂದು ತೀರ್ಮಾನವಾಯಿತು. ಚಂದಾದ ಅಪಾಯವೆಂದರೆ ಶಾಲೆ ತೆರೆದ ಮೇಲೂ ಅದು ತನ್ನಷ್ಟಕ್ಕೆ ತಾನೇ ಮುಂದುವರಿಯುವುದು. 2021ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಕಾರ್ಡಿನಿಂದ ಹೀಗೆ ಮರಳಿ ಮರಳಿ ಹಣ ಕಡಿತವಾಗುವ ಮುನ್ನ, 24 ಗಂಟೆಗಳಿಗೆ ಕಡಿಮೆಯಿಲ್ಲದಂತೆ ಮೊದಲೇ ಗ್ರಾಹಕನಿಗೆ ಸೂಚನೆ ಬರಬೇಕು. ಆ ಸೂಚನೆಯನ್ನು ಓದದೆ ಅಳಿಸುವ ಮನೆಗಳೇ ಹೆಚ್ಚು. ನಮ್ಮ ಮನೆಯಲ್ಲಿ ಅದನ್ನು ನೋಡಿಕೊಳ್ಳುವ ಕೆಲಸವನ್ನು ಹುಡುಗನ ಅಜ್ಜಿ ವಹಿಸಿಕೊಂಡಳು. ಖರ್ಚಿನ ಪುಸ್ತಕ ಇನ್ನೂ ಅವಳ ಕೈಯಲ್ಲೇ ಇದೆ.

ಉಳಿದ ಎರಡರಲ್ಲಿ ಒಂದು ಫುಟ್‌ಬಾಲ್ ಆಟ, ಇನ್ನೊಂದು ಊರು ಕಟ್ಟುವ ಆಟ. ಫುಟ್‌ಬಾಲ್ ಆಟದ ಹೊಸ ರೂಪ ವರ್ಷ ವರ್ಷವೂ ಬರುವುದರಿಂದ ಅದನ್ನು ಕೊಳ್ಳುವುದು ಬೇಡವೆಂದು ಹುಡುಗನೇ ಕೈಬಿಟ್ಟ. ಊರು ಕಟ್ಟುವ ಆಟವನ್ನು ಕೊಳ್ಳಲು ಒಪ್ಪಿದೆವು. ಆದರೆ ಡಿಸ್ಕಿನಲ್ಲಿಯೇ ಬೇಕೆಂದೆ. ಇಂಟರ್‌ನೆಟ್ಟಿನಲ್ಲಿ ಅದು ಮುನ್ನೂರು ರೂಪಾಯಿ ಅಗ್ಗವಾಗಿತ್ತು. ಅಂಗಡಿಗೆ ಹೋಗಿ, ಡಬ್ಬಿಯ ಬೆನ್ನಿನ ಸಣ್ಣ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಿದೆ. ಇಡೀ ಆಟ ಒಳಗಿದೆಯೋ, ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಲು ಬೇಕಾದ ಬೀಗದ ಕೈ ಮಾತ್ರ ಇದೆಯೋ, ಆಡಲು ಸದಾ ಸಂಪರ್ಕ ಬೇಕೋ ಎಂದು ಕೇಳಿ ತಿಳಿದುಕೊಂಡ ಮೇಲೆಯೇ ಹಣ ಕೊಟ್ಟದ್ದು. ಅಂಗಡಿಯ ಹುಡುಗನಿಗೆ ಈ ಮುದುಕ ವಿಚಿತ್ರವೆನಿಸಿರಬೇಕು. ಆದರೂ ತಾಳ್ಮೆಯಿಂದ ಉತ್ತರ ಹೇಳಿದ.

ರಜೆ ಮುಗಿಯುವ ಹೊತ್ತಿಗೆ ದಾವಣಗೆರೆಯಿಂದ ನನ್ನ ಮಗಳ ಮಗ ಬಂದಿದ್ದ. ಇಬ್ಬರೂ ಸೇರಿ ಪರದೆಯ ಮೇಲೆ ಕೆರೆ, ರಸ್ತೆ, ಸಂತೆ ಎಲ್ಲವನ್ನೂ ಕಟ್ಟಿದರು. ಹೊರಡುವ ದಿನ ಡಿಸ್ಕಿನ ಡಬ್ಬಿಯ ಮೇಲೆ ಪೆನ್ನಿನಿಂದ ತನ್ನ ಹೆಸರು ಬರೆದು, ಹಿರಿಯನು ಅದನ್ನು ಕಿರಿಯನ ಚೀಲದೊಳಗೆ ಇಟ್ಟ. ಯಾವಾಗ ಮರಳಿಸಬೇಕೆಂದು ಅವನೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ಮೊನ್ನೆ ಮಗಳು ಫೋನು ಮಾಡಿದಾಗ, ಅದು ಪಕ್ಕದ ಮನೆಯ ಹುಡುಗನ ಬಳಿ ಇದೆಯೆಂದು ತಿಳಿಯಿತು.