ಪಾಠದ ಹೊತ್ತಿಗೇ ಹೋಗುವ ವೈಫೈ

ಜೂನ್ 10, ಸೋಮವಾರ

ಇವತ್ತೂ ಅದೇ ಕಥೆ. ದ್ವಿಪದ ಪ್ರಮೇಯದ ಅರ್ಧ ದಾರಿಯಲ್ಲಿ ಮಕ್ಕಳ ಮುಖಗಳೆಲ್ಲ ಪರದೆಯ ಮೇಲೆ ಹಾಗೇ ನಿಂತುಬಿಟ್ಟವು. ಮೂಲೆಯ ವೈಫೈ ಗುರುತು ಮಾಯ. ಅರ್ಧ ನಿಮಿಷದಲ್ಲಿ ತಾನಾಗಿ ಬಂತು, ಮತ್ತೆ ಹೋಯಿತು. "ಮಿಸ್, ಕೇಳಿಸ್ತಿಲ್ಲ" ಅನ್ನುವುದನ್ನು ಕೇಳಿ ಕೇಳಿ ಸಾಕಾಗಿದೆ. ಪಕ್ಕದಲ್ಲಿಟ್ಟ ಮೊಬೈಲಿನಲ್ಲಿ ಮಾತ್ರ ಅದೇ ವೈಫೈ ಕಲ್ಲುಬಂಡೆ.

ಇವರದು ಒಂದೇ ಮಂತ್ರ: "ರೂಟರ್ ಹಳೇದಾಯ್ತು ಕಣೇ, ಹೊಸದು ತಗೊಳ್ಳೋಣ." ಕಾರಣ ಗೊತ್ತಾಗದೆ ದುಡ್ಡು ಹಾಕಲು ನನಗೆ ಮನಸ್ಸಿಲ್ಲ.

ಜೂನ್ 11, ಮಂಗಳವಾರ

ಮಧ್ಯಾಹ್ನ ಲೈನಿನ ಹುಡುಗ ಬಂದಿದ್ದ. ರೂಟರ್ ಆಫ್ ಮಾಡಿ ಆನ್ ಮಾಡಿದ, ಸ್ಪೀಡ್ ತೋರಿಸಿದ, "ಎಲ್ಲಾ ಸರಿ ಇದೆ ಮೇಡಂ, ನಿಮ್ಮ ಲ್ಯಾಪ್‌ಟಾಪೇ" ಎಂದು ಓಟಿಪಿ ಕೇಳಿ ಹೋದ. ಅವನಿದ್ದಾಗ ಒಂದು ಸಲವೂ ಕಡಿಯಲಿಲ್ಲ.

ಅಕ್ಕನ ಮಗನಿಗೆ ಫೋನ್ ಮಾಡಿದೆ. "ಚಿಕ್ಕಮ್ಮ, ಮೊದಲು ಕಡಿಯೋದು ಎಲ್ಲಿ ಅಂತ ನೋಡಿ" ಅಂದ. ಕಪ್ಪು ಕಿಟಕಿ ತೆರೆಸಿ ಪಿಂಗ್ 192.168.1.1 -t ಎಂದು ಬರೆಸಿದ. ಅದು ನಮ್ಮ ರೂಟರಿನ ವಿಳಾಸ. ಸಾಲು ಸಾಲಾಗಿ ಉತ್ತರ ಬರುತ್ತಿತ್ತು, ಮೂರು ಮಿಲಿಸೆಕೆಂಡು, ನಾಲ್ಕು ಮಿಲಿಸೆಕೆಂಡು. ಸಂಜೆ ಪಾಠ ಶುರುವಾದ ಮೇಲೆ ನೋಡಿದರೆ ನೂರು, ನಾನೂರು, ಆಮೇಲೆ ಬರೀ "ರಿಕ್ವೆಸ್ಟ್ ಟೈಮ್ಡ್ ಔಟ್". ಅಂದರೆ ಹೊರಗಿನ ಲೈನಿನ ಮಾತೇ ಇಲ್ಲಿಲ್ಲ. ಹಾಲ್‌ನ ರೂಟರಿಗೂ ನನ್ನ ಮೇಜಿಗೂ ನಡುವೆ, ಎರಡು ಗೋಡೆ ದಾಟುವಷ್ಟರಲ್ಲಿ ಏನೋ ಆಗುತ್ತಿದೆ.

ವಿದ್ಯುತ್ ಉಳಿಸಲು ವೈಫೈ ಕಾರ್ಡನ್ನು ಮಲಗಿಸುವ ಟಿಕ್ ಗುರುತನ್ನು ಡಿವೈಸ್ ಮ್ಯಾನೇಜರಿನಲ್ಲಿ ತೆಗೆಸಿದ. ಎಷ್ಟೋ ಲ್ಯಾಪ್‌ಟಾಪ್‌ಗಳ ಕಾಯಿಲೆ ಅದಂತೆ. ನಮ್ಮದಕ್ಕೆ ನಾಟಲಿಲ್ಲ.

ಜೂನ್ 13, ಗುರುವಾರ

ಮೈಕ್ರೋವೇವ್ ಮೇಲೆ ಅನುಮಾನ. ಅದರ ಅಲೆಯೂ ವೈಫೈಯ 2.4 ಗಿಗಾಹರ್ಟ್ಸ್ ಸೀಮೆಯಲ್ಲೇ ಓಡಾಡುವುದು, ಅತ್ತೆಯವರು ಹಾಲು ಬಿಸಿ ಮಾಡುವುದೂ ಪಾಠದ ಹೊತ್ತಿಗೇ. ಲೋಟದಲ್ಲಿ ನೀರಿಟ್ಟು ಓಡಿಸಿದೆ. ಪಿಂಗ್ ಸ್ವಲ್ಪ ಏದುಸಿರು ಬಿಟ್ಟಿತು, ಕಡಿಯಲಿಲ್ಲ. ಅತ್ತೆಯವರಿಗೆ ಹೇಳದೇ ಇದ್ದದ್ದು ಒಳ್ಳೆಯದಾಯಿತು.

ಅಕ್ಕಪಕ್ಕದ ಮನೆಗಳ ವೈಫೈಗಳೆಲ್ಲ 6ನೇ ಚಾನೆಲಿನಲ್ಲಿ ಗುಂಪು ಕಟ್ಟಿದ್ದವು. ಒಂದರ ಮೇಲೊಂದು ಬೀಳದ ಚಾನೆಲುಗಳು 1, 6, 11. ನಮ್ಮದನ್ನು 11ಕ್ಕೆ ಹಾಕಿದೆ. ಹಗಲೆಲ್ಲ ಚೆನ್ನಾಗಿತ್ತು, ಸಂಜೆ ಮತ್ತೆ ಅದೇ ರಾಗ.

ಜೂನ್ 15, ಶನಿವಾರ

ಸಿಕ್ಕಿತು! ಪಾಠದ ನಡುವೆ ಮೌಸ್ ಬಾಣ ತಡವರಿಸಿ ತಡವರಿಸಿ ಓಡಿತು. ವೈರಿಲ್ಲದ ಮೌಸ್, ಅದೂ 2.4ರದೇ. ಅದರ ಉಗುರಿನಷ್ಟು ರಿಸೀವರ್ ಕೂತಿರುವ ತೂತಿನ ಪಕ್ಕದ ನೀಲಿ ತೂತಿನಲ್ಲಿ ಹೊರಗಿನ ಹಾರ್ಡ್ ಡಿಸ್ಕಿನ ಗಿಡ್ಡ ವೈರು. ಪಾಠದ ರೆಕಾರ್ಡಿಂಗ್ ನೇರ ಅದಕ್ಕೇ ಹೋಗುತ್ತದೆ. ಪಾಠದ ಹೊತ್ತು ಬಿಟ್ಟರೆ ಅದು ಬೀರುವಿನಲ್ಲಿರುತ್ತದೆ, ಲೈನಿನ ಹುಡುಗ ಬಂದಾಗಲೂ ಅಲ್ಲೇ ಇತ್ತು.

ಮಕ್ಕಳನ್ನು ಕಳಿಸಿ ಒಂದು ದೊಡ್ಡ ಕಡತವನ್ನು ಡಿಸ್ಕಿಗೆ ನಕಲಿಗೆ ಹಾಕಿದೆ. ಪಿಂಗ್ ಸತ್ತಿತು. ವೈರು ಕಿತ್ತೆ, ಎದ್ದು ಕೂತಿತು. ಇನ್ನೊಂದು ಬದಿಯ ಕಪ್ಪು ತೂತಿಗೆ, ಅಂದರೆ ಹಳೆಯ ಯುಎಸ್‌ಬಿ 2ಕ್ಕೆ ಚುಚ್ಚಿ ನಕಲು ಮಾಡಿದರೆ ಆಮೆನಡಿಗೆ, ಆದರೆ ಪಿಂಗ್ ಮೂರು, ನಾಲ್ಕು, ಮೂರು.

ಜೂನ್ 16, ಭಾನುವಾರ

ಅಕ್ಕನ ಮಗ ಹೇಳಿದ್ದು: ನೀಲಿ ಯುಎಸ್‌ಬಿ 3 ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಮಿಡಿಯುವಾಗ 2.4ರ ಸುತ್ತಮುತ್ತ ರೇಡಿಯೊ ಗದ್ದಲ ಎಬ್ಬಿಸುತ್ತದೆ, ಇಂಟೆಲ್ ಕಂಪನಿಯೇ 2012ರಲ್ಲಿ ಇದರ ಮೇಲೆ ವರದಿ ಬರೆದಿದೆ. ಕಿವಿಯ ಪಕ್ಕ ಮಿಕ್ಸಿ ಓಡುತ್ತಿದ್ದರೆ ಹಾಲ್‌ನಲ್ಲಿ ಕೂಗಿದ್ದು ಕೇಳಿಸುತ್ತದೆಯೇ? ಎರಡು ಗೋಡೆ ದಾಟಿ ಬಡವಾಗಿ ಬರುವ ಸಿಗ್ನಲಿನ ಪಾಡೂ ಅದೇ. ಲ್ಯಾಪ್‌ಟಾಪ್ ಮಾಡುವವರು ಇದನ್ನು ಡಬ್ಬದ ಮೇಲೆ ಒಂದು ಸಾಲು ಬರೆದಿದ್ದರೆ ಅವರ ಗಂಟೇನು ಹೋಗುತ್ತಿತ್ತು!

5 ಗಿಗಾಹರ್ಟ್ಸಿಗೆ ಹೋದರೆ ಈ ಗದ್ದಲದ ಕಾಟವಿಲ್ಲ. ಆದರೆ ಅದು ಗೋಡೆಗೆ ಬೇಗ ಸೋಲುತ್ತದೆ, ನನ್ನ ಕೋಣೆಯಲ್ಲಿ ಒಂದೇ ಕಡ್ಡಿ. ಹಾಗಾಗಿ ಇನ್ನು ಮೇಲೆ ರೆಕಾರ್ಡಿಂಗ್ ಲ್ಯಾಪ್‌ಟಾಪಿನ ಒಳಗೇ, ಪಾಠ ಮುಗಿದ ಮೇಲೆ ಡಿಸ್ಕಿಗೆ. ಇವರು ಮಾತ್ರ ಆ ಹೊಸ ರೂಟರನ್ನು ಕಾರ್ಟಿನಿಂದ ತೆಗೆದಿಲ್ಲ. ದಸರಾ ಆಫರ್ ಬರಲಿ ಅಂತೆ.