ನಗಿಸಿದವರ ಸೂತಕ

ಕಲಘಟಗಿ ತಾಲ್ಲೂಕಿನ ದುಮ್ಮವಾಡದ ಕಡೆ ಯಾರಾದರೂ ತೀರಿಕೊಂಡರೆ ಏನು ಮಾಡಬೇಕೆಂದು ಯಾರೂ ಯಾರಿಗೂ ಹೇಳಿಕೊಡಬೇಕಿಲ್ಲ. ಒಬ್ಬರು ಬೀಗರಿಗೆ ಫೋನು ಹಚ್ಚುತ್ತಾರೆ, ಇನ್ನೊಬ್ಬರು ಭಜನೆಯವರಿಗೆ ಹೇಳಿ ಕಳಿಸುತ್ತಾರೆ, ಮತ್ತೊಬ್ಬರು ಕುಣಿ ತೋಡಿಸಲು ಹೊರಡುತ್ತಾರೆ. ಹೆಂಗಸರು ಹೆಣದ ಮುಂದೆ ಕೂತು ಹಾಡಿಕೊಂಡು ಅಳುತ್ತಾರೆ. ಆ ಹಾಡಿನಲ್ಲಿ ಸತ್ತವರ ಹೊಲ, ಎತ್ತು, ಮಾಡಿದ ಉಪಕಾರ, ತೀರಿಸದೆ ಹೋದ ಸಾಲ ಎಲ್ಲವೂ ಬಂದು ಹೋಗುತ್ತವೆ. ಸಂಜೆ ಕೇಳಿದರೆ, "ಮಣ್ಣಿಗೆ ಹೋಗಿ ಬಂದ್ವಿರಿ" ಎಂಬ ಒಂದೇ ಮಾತು. ಆದರೆ ಮನೆಯವನಲ್ಲದ, ಬೀಗನಲ್ಲದ, ಊರವನೂ ಅಲ್ಲದ ಒಬ್ಬ, ಬರೀ ಬರೆದು ನಗಿಸಿದವನು ಸತ್ತರೆ? ಅವನ ಸೂತಕ ಎಷ್ಟು ದಿನ? ಅವನ ಮುಂದೆ ಕೂತು ಹಾಡಿ ಅಳುವವರು ಯಾರು?

2025ರ ಸೆಪ್ಟೆಂಬರ್ 29, ಸೋಮವಾರ. ನವರಾತ್ರಿ ನಡೆದಿತ್ತು, ಬನ್ನಿ ಕೊಡಲು ಇನ್ನು ಮೂರೇ ದಿನ. ಬೆಂಗಳೂರಿನಲ್ಲಿ ರಂಗಕರ್ಮಿ ಯಶವಂತ ಸರದೇಶಪಾಂಡೆ ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಧಾರವಾಡ ಜಿಲ್ಲೆಯ ಮೊಬೈಲುಗಳಲ್ಲಿ ಹರಿದಾಡಿತು. ವಯಸ್ಸು 60. ಮೊದಲು ಬಂದದ್ದು ಎಲ್ಲರಿಗೂ ಬರುವ ಫೋಟೊ, "ಓಂ ಶಾಂತಿ". ಅದರ ಬೆನ್ನಿಗೇ ಅವರ ನಾಟಕದ ತುಣುಕುಗಳು ಶುರುವಾದವು. ದುಃಖ ಹಂಚಿಕೊಳ್ಳಲು ಕಳಿಸಿದ ವಿಡಿಯೊ ನೋಡಿ ಜನ ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಗುವ ಒಂದು ಹಳದಿ ಮುಖ ಇದೆಯಲ್ಲ, ಅದನ್ನು ಎಷ್ಟೋ ಹಿರಿಯರು ಅಳುವ ಮುಖವೆಂದೇ ತಿಳಿದು ಸಾವಿನ ಸುದ್ದಿಗೆಲ್ಲ ಒತ್ತುತ್ತಾರೆ. ಉಳಿದ ದಿನ ಅದು ನೋಡಿದವರಿಗೆ ಮುಜುಗರ. ಅವತ್ತು ಮಾತ್ರ ತಪ್ಪೆನ್ನಲು ಯಾರಿಗೂ ಬಾಯಿ ಬರುವಂತಿರಲಿಲ್ಲ.

ಸರದೇಶಪಾಂಡೆ ಹುಟ್ಟಿದ್ದು ಬಸವನಬಾಗೇವಾಡಿ ತಾಲ್ಲೂಕಿನ ಉಕ್ಕಲಿಯಲ್ಲಿ, ರಂಗಪಾಠ ಕಲಿತದ್ದು ಹೆಗ್ಗೋಡಿನ ನೀನಾಸಂನಲ್ಲಿ, ಬೇರು ಬಿಟ್ಟದ್ದು ಹುಬ್ಬಳ್ಳಿಯಲ್ಲಿ. ಅಲ್ಲಿ ಅವರು ಕಟ್ಟಿದ 'ಗುರು ಸಂಸ್ಥೆ'ಯ 'ಆಲ್ ದಿ ಬೆಸ್ಟ್' ನಾಟಕದ ಮೂಲ ಮರಾಠಿ. ಒಬ್ಬನಿಗೆ ಕಣ್ಣಿಲ್ಲ, ಒಬ್ಬನಿಗೆ ಕಿವಿಯಿಲ್ಲ, ಒಬ್ಬನಿಗೆ ಮಾತಿಲ್ಲ; ಮೂವರೂ ಒಂದೇ ಹುಡುಗಿಯ ಬೆನ್ನು ಹತ್ತಿದವರು. ಆದರೆ ಕನ್ನಡದಲ್ಲಿ ನೋಡಿದವರಿಗೆ ಅದು ಪುಣೆಯಿಂದಲೋ ಮುಂಬೈಯಿಂದಲೋ ಬಂದದ್ದೆಂಬ ಗುಮಾನಿಯೂ ಬರುತ್ತಿರಲಿಲ್ಲ, ಅಷ್ಟು ಅಪ್ಪಟ ಹುಬ್ಬಳ್ಳಿಯ ಮಾತು. 2005ರಲ್ಲಿ ರಮೇಶ್ ಅರವಿಂದ್ ನಿರ್ದೇಶಿಸಿದ 'ರಾಮ ಶಾಮ ಭಾಮ'ದಲ್ಲಿ ಕಮಲ್ ಹಾಸನ್ ಬಾಯಲ್ಲಿ ಈ ಭಾಷೆ ಬಂದದ್ದು ಸರದೇಶಪಾಂಡೆ ಬರೆದ ಸಂಭಾಷಣೆಯಿಂದ. ಅಲ್ಲಿಯವರೆಗೆ ಸಿನಿಮಾದಲ್ಲಿ ಉತ್ತರ ಕರ್ನಾಟಕದ ಮಾತೆಂದರೆ ಹೆಚ್ಚಾಗಿ ಆಳಿನ ಮಾತು, ಪೆದ್ದನ ಮಾತು. ಇಲ್ಲಿ ನಾಯಕನೇ "ಹೌದಲ್ರೀ" ಅಂದ. ಟಾಕೀಸಿನಲ್ಲಿ ಕೂತ ಕಲಘಟಗಿ, ಕುಂದಗೋಳದ ಹುಡುಗರಿಗೆ ಆ ನಗುವಿನೊಳಗೆ ಸ್ವಲ್ಪ ಗತ್ತೂ ಇತ್ತು.

ದುಮ್ಮವಾಡಕ್ಕೂ ಹುಬ್ಬಳ್ಳಿಗೂ ಹಳೆಯ ಕೊಡುಕೊಳ್ಳುವಿಕೆ. ಊರಿನ ಹತ್ತಿರದ ನೀರಸಾಗರದಿಂದ ಹುಬ್ಬಳ್ಳಿಗೆ ದಶಕಗಳ ಕಾಲ ಕುಡಿಯುವ ನೀರು ಹೋಯಿತು. ಅಲ್ಲಿಂದ ಇಲ್ಲಿಗೆ ಬಂದದ್ದು ಬೀಜ, ಗೊಬ್ಬರ, ಲಗ್ನದ ಜವಳಿ, ಬಸ್ಸಿನಲ್ಲಿ ಪೇಪರು, ಅವುಗಳ ಜೊತೆಗೆ ನಗೆ. ಹುಬ್ಬಳ್ಳಿಯ 'ಕಸ್ತೂರಿ' ಮಾಸಿಕದಲ್ಲಿ ಪಾ.ವೆಂ. ಆಚಾರ್ಯರಿದ್ದರು, ತುಂಟತನ ಮಾಡಬೇಕೆನಿಸಿದಾಗ ಅವರು 'ಲಾಂಗೂಲಾಚಾರ್ಯ' ಎಂದು ಹೆಸರಿಗೇ ಬಾಲ ಹಚ್ಚಿಕೊಳ್ಳುತ್ತಿದ್ದರು. ಧಾರವಾಡದ ಆಕಾಶವಾಣಿಯಲ್ಲಿ ನಗೆಬರಹದ ಎನ್ಕೆ ಇದ್ದರು. ಇವರೆಲ್ಲರಿಗಿಂತ ದೂರದ ಹಳ್ಳಿಗೂ ಮುಟ್ಟಿದವನೆಂದರೆ ತಿಂಮ ಎಂಬ ಪಾತ್ರ.

ತಿಂಮನ ಅಪ್ಪ ರಾಯಸಂ ಭೀಮಸೇನರಾವ್, ಅಂದರೆ ಬೀಚಿ. ಹರಪನಹಳ್ಳಿಯಲ್ಲಿ 1913ರ ಏಪ್ರಿಲ್ 23ರಂದು ಹುಟ್ಟಿ, ಪೊಲೀಸ್ ಇಲಾಖೆಯಲ್ಲಿ ನೌಕರಿ ಮಾಡಿದವರು. ಅ.ನ.ಕೃ. ಅವರ 'ಸಂಧ್ಯಾರಾಗ' ಓದಿ ಕನ್ನಡದತ್ತ ಹೊರಳಿದವರು. ತಮ್ಮ ಹೆಸರಿನ 'ಬೀ'ಯನ್ನು ಕನ್ನಡದಲ್ಲಿ, 'ಚಿ'ಯನ್ನು ಇಂಗ್ಲಿಷಿನಲ್ಲಿ ಬರೆದು, ಸಹಿ ಹಾಕುವಾಗಲೇ ಓದುಗನನ್ನು ಅರ್ಧ ನಗಿಸಿಬಿಡುತ್ತಿದ್ದರು. 'ರೈತ' ಪತ್ರಿಕೆಯಲ್ಲಿ 'ಕೆನೆಮೊಸರು', 'ವಿಶಾಲ ಕರ್ನಾಟಕ'ದಲ್ಲಿ 'ಬೇವಿನಕಟ್ಟೆ ತಿಂಮ', 'ಸುಧಾ'ದಲ್ಲಿ 'ನೀವು ಕೇಳಿದಿರಿ?'. ಕೊನೆಯದರಲ್ಲಿ ಓದುಗರು ಪ್ರಶ್ನೆ ಕೇಳಬೇಕು, ಬೀಚಿ ಉತ್ತರ ಹೇಳಬೇಕು. ಉತ್ತರ ತನ್ನನ್ನೇ ಚುಚ್ಚಿದರೂ ಪರವಾಗಿಲ್ಲ, ಹೆಸರು ಅಚ್ಚಾಗಲಿ ಎಂದು ಕಾರ್ಡು ಬರೆದು ಕಾಯುವ ಓದುಗ ಸಮೂಹವನ್ನು ಇಂಥ ಅಂಕಣ ತಯಾರು ಮಾಡಿತು. ಬೈಸಿಕೊಳ್ಳಲು ಅಂಚೆ ವೆಚ್ಚ ಭರಿಸುವ ಅಭಿಮಾನ ಬೇರೆ ಸಾಹಿತಿಗಳಿಗೆ ಸುಲಭಕ್ಕೆ ಸಿಗುವಂಥದಲ್ಲ.

ಬೀಚಿ ತೀರಿಕೊಂಡದ್ದು 1980ರ ಡಿಸೆಂಬರ್ 7, ಭಾನುವಾರ. ಮರುದಿನ ರಾತ್ರಿ ನ್ಯೂಯಾರ್ಕಿನಲ್ಲಿ ಜಾನ್ ಲೆನನ್ ಗುಂಡಿಗೆ ಬಲಿಯಾದ. ಜಗತ್ತೆಲ್ಲ ಮೇಣದ ಬತ್ತಿ ಹಿಡಿದು ಅವನ ಹಾಡು ಹಾಡುತ್ತ ಬೀದಿಗೆ ಬಂತು. ಇತ್ತ ಕನ್ನಡದ ಓದುಗನಿಗೆ ಹಚ್ಚಲು ಬತ್ತಿಯಿಲ್ಲ, ಹಾಡಲು ಹಾಡಿಲ್ಲ. ಕೈಯಲ್ಲಿದ್ದದ್ದು 'ಅಂದನಾ ತಿಂಮ', 'ತಿಂಮನ ತಲೆ', 'ಬೆಳ್ಳಿ ತಿಂಮ ನೂರೆಂಟು ಹೇಳಿದ'. ಅದನ್ನು ತೆರೆದರೆ ಸೂತಕ ಕೆಡುತ್ತದೆ, ತೆರೆಯದಿದ್ದರೆ ನೆನೆದಂತಾಗುವುದಿಲ್ಲ. ಸಾಲದ್ದಕ್ಕೆ ಆ ಮನುಷ್ಯ ತನ್ನ ಆತ್ಮಕಥೆಗೇ 'ನನ್ನ ಭಯಾಗ್ರಫಿ' ಎಂದು ಹೆಸರಿಟ್ಟಿದ್ದ. ಶೋಕಸಭೆಯಲ್ಲಿ ಗಂಭೀರವಾಗಿ ಕೃತಿಗಳ ಪಟ್ಟಿ ಓದಲು ನಿಂತವರು ಆ ಹೆಸರು ಬಂದಾಗ ಮುಖ ಹೇಗಿಟ್ಟುಕೊಳ್ಳಬೇಕು?

ಈ ಪೇಚಿಗೆ ಬೆಳಗಾವಿಯ ದಿಕ್ಕಿನಿಂದ ಒಂದು ಉತ್ತರವಿದೆ. ಮರಾಠಿಯ ಹಾಸ್ಯ ಲೇಖಕ ಪು.ಲ. ದೇಶಪಾಂಡೆ ಐವತ್ತರ ದಶಕದ ಆರಂಭದಲ್ಲಿ ಬೆಳಗಾವಿಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಅವರಿಗೆ ದೋಸ್ತರಾದವರು ಕೃಷ್ಣರಾವ್ ಹರಿಹರ, ಎಲ್ಲರ ಬಾಯಲ್ಲಿ ರಾವಸಾಹೇಬ. ಕನ್ನಡದ ಧಾಟಿಯಲ್ಲಿ ಮರಾಠಿ ಆಡುವ, ಲಿಂಗ ವಚನಗಳನ್ನು ಲೆಕ್ಕಕ್ಕಿಡದ, ಬೈಗುಳವನ್ನೇ ಪ್ರೀತಿಯ ಮಾತಾಗಿಸಿಕೊಂಡ ದಿಲ್‌ದಾರ್ ಮನುಷ್ಯ. ಅವರು ಹೋದ ಮೇಲೆ ಪು.ಲ. ಬರೆದ ವ್ಯಕ್ತಿಚಿತ್ರ 'ಗಣಗೋತ' ಪುಸ್ತಕದಲ್ಲಿದೆ. ಅದನ್ನು ಪು.ಲ. ವೇದಿಕೆಯ ಮೇಲೆ ಓದುವಾಗ ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ನಗುತ್ತ ನಗುತ್ತ ಕೊನೆಗೆ ಬಂದಾಗಲಷ್ಟೇ ತಾವು ಕೂತದ್ದು ಒಬ್ಬನ ಶೋಕಸಭೆಯಲ್ಲಿ ಎಂಬುದು ತಿಳಿಯುತ್ತಿತ್ತು. 2000ದ ಜೂನ್ 12ರಂದು ಪು.ಲ. ಅವರೇ ಹೋದ ಮೇಲೆ ಮರಾಠಿ ಮನೆಗಳಲ್ಲಿ ಅದೇ ಓದಿನ ಧ್ವನಿಸುರುಳಿಗಳು ತಿರುಗಿದವು. ಗೆಳೆಯನಿಗಾಗಿ ಅವರು ಕಟ್ಟಿದ ನಗೆ ಅವರ ಪಾಲಿಗೂ ಬಂತು.

ಇಂಗ್ಲೆಂಡಿನ ಟೆರಿ ಪ್ರಾಚೆಟ್ ಅಭಿಮಾನಿಗಳು ಇನ್ನೂ ಒಂದು ಹೆಜ್ಜೆ ಮುಂದೆ. ಅವರ 'ಡಿಸ್ಕ್‌ವರ್ಲ್ಡ್' ಕಾದಂಬರಿಗಳಲ್ಲಿ ಸಾವು ಒಂದು ಪಾತ್ರ, ಸಾಕಷ್ಟು ಒಳ್ಳೆಯ ಮನುಷ್ಯನೇ. 2015ರ ಮಾರ್ಚ್ 12ರಂದು ಪ್ರಾಚೆಟ್ ತೀರಿದಾಗ ಅವರನ್ನು ವಾಪಸು ಕೊಡಬೇಕೆಂದು ಓದುಗರು ಆ ಸಾವಿನ ಹೆಸರಿಗೇ ಮನವಿ ಬರೆದು ಸಾವಿರಗಟ್ಟಲೆ ಸಹಿ ಹಾಕಿದರು. ಅವರ ಒಂದು ಕಾದಂಬರಿಯಲ್ಲಿ ಸುದ್ದಿ ಸಾಗಿಸುವ ಗೋಪುರಗಳ ಸಾಲಿದೆ. ಕೆಲಸದಲ್ಲಿ ಸತ್ತವನ ಹೆಸರನ್ನು ಗೋಪುರದಿಂದ ಗೋಪುರಕ್ಕೆ ನಿಲ್ಲಿಸದೆ ಕಳಿಸುತ್ತಲೇ ಇರುತ್ತಾರೆ. ಅದನ್ನು ಓದಿದ್ದ ಕಂಪ್ಯೂಟರಿನವರು ಪ್ರಾಚೆಟ್ ಹೆಸರನ್ನು ಯಾರ ಕಣ್ಣಿಗೂ ಬೀಳದ ಸಂಕೇತವಾಗಿಸಿ ಅಂತರ್ಜಾಲದ ತಂತಿಗಳೊಳಗೆ ಹರಿಯಬಿಟ್ಟರು.

ಅಲ್ಲಿ ಹೆಸರು ತಿರುಗುತ್ತಿದೆ. ದುಮ್ಮವಾಡದಂಥ ಊರಲ್ಲಿ ಆದದ್ದು ಇದರ ತಿರುವುಮುರುವು. ಇಲ್ಲಿ ಜೋಕು ತಿರುಗುತ್ತದೆ, ಹೆಸರು ದಾರಿಯಲ್ಲೆಲ್ಲೋ ಇಳಿದುಕೊಳ್ಳುತ್ತದೆ. ಕಟ್ಟೆಯ ಮೇಲೆ ಒಬ್ಬ ತಿಂಮನ ಮಾತು ಹೇಳಿದರೆ ಕೇಳಿದವನು ನಾಳೆ ಅದನ್ನು "ನಮ್ಮ ಮಾವನ ಊರಾಗ ಒಬ್ಬಾಂವ ಇದ್ದ" ಎಂದು ಶುರುಮಾಡುತ್ತಾನೆ. ನಾಡಿದ್ದು ಅದು ತಾನೇ ಕಣ್ಣಾರೆ ಕಂಡ ಸಂಗತಿ. ಗಂಗಾವತಿ ಪ್ರಾಣೇಶ್ ಬೀಚಿಯನ್ನು ಓದಿ ಮಾತಿಗೆ ನಿಂತವರು. 'ಅಭಿನವ ಬೀಚಿ' ಎಂದೇ ಜನ ಕರೆಯುವ ಅವರು ಕ್ಯಾಸೆಟ್ಟಿನ ಕಾಲದಿಂದ ಮೊಬೈಲಿನ ಕಾಲದವರೆಗೆ ಆ ಹೆಸರನ್ನು ಬಿಡದೆ ಹೇಳುತ್ತ ಬಂದಿದ್ದಾರೆ. ಇಂಥವರಿಂದಾಗಿ ಬೀಚಿ ತೀರಿಕೊಂಡ ಮೇಲೆ ಹುಟ್ಟಿದವರೂ ಬೀಚಿ ಅಭಿಮಾನಿಗಳಾದರು. ಉಳಿದಂತೆ ತಿಂಮ ಬೇವಾರಸಿ ಮಗನಂತೆ ಊರೂರು ಅಲೆಯುತ್ತಾನೆ, ಕರೆದವರ ಮನೆಯಲ್ಲಿ ಉಣ್ಣುತ್ತಾನೆ.

ಇದರಿಂದ ಬರೆದವನಿಗೆ ನಷ್ಟವಿಲ್ಲ ಎನ್ನಲಾಗದು. ಹೆಸರು ಹೋದರೆ ಪುಸ್ತಕ ಕೇಳುವವರು ಹೋಗುತ್ತಾರೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಈಗ 'ಅರಿವು ಕೇಂದ್ರ' ಎಂಬ ಹೆಸರು. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಕ್ಕೆ ಇರುವ ಬೇಡಿಕೆ ಅಲ್ಲಿ ಬೀಚಿಯ 'ಸರಸ್ವತಿ ಸಂಹಾರ'ಕ್ಕೆ ಎಲ್ಲಿಂದ ಬರಬೇಕು? ನಗೆ ಬರೆದವರ ವಿಷಯದಲ್ಲಿ ವಿಮರ್ಶಕರೂ ಕೈಬಿಗಿ. ಬದುಕಿದ್ದಾಗ "ಹಗುರ" ಎಂದು ಒಂದು ಸಾಲಿನಲ್ಲಿ ಮುಗಿಸಿದವರು, ಸತ್ತಾಗ "ತುಂಬಲಾರದ ನಷ್ಟ" ಎಂದು ಇನ್ನೊಂದು ಸಾಲು ಸೇರಿಸಿ ಲೆಕ್ಕ ಚುಕ್ತಾ ಮಾಡುತ್ತಾರೆ. ನಾಟಕ ಬರೆದವನ ಪಾಡು ಇನ್ನೂ ಕಷ್ಟ. ಪುಸ್ತಕದ ರಕ್ಷಾಪುಟದ ಮೇಲಾದರೂ ಹೆಸರಿರುತ್ತದೆ. ನಾಟಕ ನೋಡಿ ನಕ್ಕ ಜನ ನೆನಪಿಡುವುದು ನಟನ ಮುಖವನ್ನು. ಸರದೇಶಪಾಂಡೆ ಬರೆದವರೂ ಆಡಿದವರೂ ಆಗಿದ್ದರಿಂದ ಮುಖದ ಜೊತೆ ಹೆಸರೂ ಉಳಿಯಿತು.

ಸುಗ್ಗಿ ಮುಗಿದು ಜಾತ್ರೆಗಳು ಶುರುವಾದರೆ ಈ ಸೀಮೆಯ ಊರೂರಲ್ಲಿ ನಾಟಕ. ಹುಡುಗರು ರಾತ್ರಿಯೆಲ್ಲ ತಾಲೀಮು ನಡೆಸುತ್ತಾರೆ, ಹೆಣ್ಣು ಪಾತ್ರಕ್ಕೆ ಹುಬ್ಬಳ್ಳಿ, ಗದುಗಿನಿಂದ ಕಲಾವಿದೆಯರು ಬರುತ್ತಾರೆ, ಪೇಟಿ ಮಾಸ್ತರರು ಎಲ್ಲರನ್ನೂ ಬೈಯುತ್ತಾರೆ. ಅಲ್ಲಿ ಹಾಸ್ಯ ಪಾತ್ರದವನು ಪುಸ್ತಕದ ಮಾತು ಬಿಟ್ಟು, ಮೊಬೈಲಿನಲ್ಲಿ ನೋಡಿ ಕಲಿತ ಸರದೇಶಪಾಂಡೆಯ ಒಂದು ಮಾತನ್ನು ತುರುಕುತ್ತಾನೆ ಎಂದುಕೊಳ್ಳಿ. ಮಂದಿ ಬಿದ್ದು ಬಿದ್ದು ನಗುತ್ತಾರೆ, ಹಿಂದಿನಿಂದ "ವನ್ಸ್ ಮೋರ್" ಕೂಗು ಬರುತ್ತದೆ, ಮೈಕಿನಲ್ಲಿ ಪಾತ್ರ ಮೆಚ್ಚಿ 101 ರೂಪಾಯಿ ಬಹುಮಾನ ಘೋಷಣೆಯಾಗುತ್ತದೆ. ಪರದೆ ಬಿದ್ದ ಮೇಲೆ ಮಾಸ್ತರರ ವಿಚಾರಣೆ ಇದ್ದದ್ದೇ.

"ಆ ಮಾತು ಪುಸ್ತಕದಾಗ ಎಲ್ಲೈತಲೇ?"

"ಇಲ್ರೀ ಮಾಸ್ತರ, ಅದು ಸರದೇಶಪಾಂಡೆ ಅವರದ್ರೀ."

"ಹಂಗಾರ ನೂರಾಒಂದರಾಗ ಅರ್ಧಾ ಅವರಿಗೆ ಮುಟ್ಟಬೇಕಲ್ಲೋ?"

"ಅವರ ಹೋಗ್ಯಾರಲ್ರೀ. ಹೆಂಗ ಮುಟ್ಟಸೂದ್ರೀ?"

"ಅವರ ಹೆಸರಿಲೆ ಎಲ್ಲಾರಿಗೂ ಚಾ ಹೇಳು. ನಾಳೆ ಆ ಮಾತು ಆಡೂ ಮುಂದ ಅವಸರ ಮಾಡಬ್ಯಾಡ, ಮಂದಿ ನಗೂತನಕ ತಡಿ."